ಕೆಲಸದ ಮಧ್ಯೆ ಲ್ಯಾಪ್‌ಟಾಪ್ ಬಿದ್ದು ಹೋಗುತ್ತದೆ. ಬಿಸಿಯೋ, ರ‍್ಯಾಮೋ?

ಕೋಡಿಬಾಗ ಅಕ್ಕೋರು · ಏಪ್ರಿಲ್ 9, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಐದು ವರ್ಷದ ಹಿಂದಿನ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಇಂಟೆಲ್ ಐ5, 8 ಜಿಬಿ ರ‍್ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಇತ್ತು. ಎರಡು ವರ್ಷದ ಹಿಂದೆ ಇನ್ನೊಂದು 8 ಜಿಬಿ ಹಾಕಿಸಿದೆ.

ಒಂದು ತಿಂಗಳಿಂದ ಇದು ಕೆಲಸದ ಮಧ್ಯೆ ಬಿದ್ದು ಹೋಗುತ್ತಿದೆ. ಅಂಕಪಟ್ಟಿ ತುಂಬುವ ಹೊತ್ತು, ಪಕ್ಕದಲ್ಲಿ ಬ್ರೌಸರ್, ಒಂದು ವಿಡಿಯೋ ಮೀಟಿಂಗ್. ಇಷ್ಟೇ. ದಿನಕ್ಕೆ ಎರಡು ಸಲವಾದರೂ ಆಗುತ್ತದೆ. ಕೆಳಗೆ ಮುಟ್ಟಿದರೆ ದೋಸೆ ಕಾವಲಿ.

ಒಂದು ಅಂಗಡಿಗೆ ಒಯ್ದೆ. ಫಾರ್ಮ್ಯಾಟ್ ಮಾಡಿ ಕೊಟ್ಟರು. ನಾಲ್ಕು ದಿನಕ್ಕೆ ಮತ್ತೆ ಅದೇ ಹಾಡು. ಮತ್ತೆ ಒಯ್ದೆ, ಮತ್ತೆ ಫಾರ್ಮ್ಯಾಟ್. ಎರಡು ಸಲವೂ ದುಡ್ಡು ಕೊಟ್ಟೆ. ಈಗ "ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅನ್ನುತ್ತಾರೆ. ಇನ್ನೊಬ್ಬರು "ಬಿಸಿ ಅಷ್ಟೇ, ಕೂಲಿಂಗ್ ಪ್ಯಾಡ್ ತಗೊಳ್ಳಿ" ಅಂದರು. ಅದನ್ನೂ ತಗೊಂಡೆ. ಪ್ಯಾಡ್‌ನ ನೀಲಿ ದೀಪ ಚೆನ್ನಾಗಿದೆ. ಬೇರೆ ಏನೂ ಪ್ರಯೋಜನ ಆಗಲಿಲ್ಲ.

ಹೊಸದು ತಗೊಳ್ಳುವ ಮೊದಲು ನಾನೇ ಏನಾದರೂ ನೋಡಬಹುದಾ?

ಅಂಕೋಲೆ ಇಶಾಡ · ಏಪ್ರಿಲ್ 9, ರಾತ್ರಿ 10.05

ಇದು ವಿಂಡೋಸ್ ಅಪ್‌ಡೇಟ್ ಸಮಸ್ಯೆ. ನನ್ನದೂ ಹೀಗೇ ಆಗಿತ್ತು. ಪೂರ್ತಿ ಅಳಿಸಿ ಹಳೇ ವಿಂಡೋಸ್ 10 ಹಾಕಿ, ಅಪ್‌ಡೇಟ್ ಬಂದ್ ಮಾಡಿ. ಆರಾಮ ಇರಿ.

ಬೈತಖೋಲ ರಿಪೇರಿ · ಏಪ್ರಿಲ್ 9, ರಾತ್ರಿ 10.30

ಅಕ್ಕೋರೆ, ಎರಡು ಸಲ ಫಾರ್ಮ್ಯಾಟ್ ಮಾಡಿದ ಮೇಲೂ ಬಂತು ಅಂದರೆ ಮೂರನೇ ಸಲ ಬೇಡ. ನಾನು ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. (ನನ್ನ ಕನ್ನಡ ಅರ್ಧ ಕೊಂಕಣಿ, ಸುಧಾರಿಸಿಕೊಳ್ಳಿ.)

ಮೊದಲು ಒಂದೇ ಪ್ರಶ್ನೆ. ಬೀಳುವಾಗ ಏನು ಕಾಣುತ್ತದೆ? ಟಕ್ ಅಂತ ಪೂರ್ತಿ ಕಪ್ಪಾಗಿ ಆಫ್ ಆಗುತ್ತದಾ? ಅಥವಾ ನೀಲಿ ಪರದೆ ಬಂದು, ಶೇಕಡಾ ಎಣಿಸಿ, ತಾನೇ ಮತ್ತೆ ಶುರು ಆಗುತ್ತದಾ? ಗಿರಾಕಿಗಳಿಗೆ ಎರಡೂ ಒಂದೇ, "ಬಂದ್ ಬಿತ್ತು" ಅಂತಾರೆ. ನಮಗೆ ಅದು ಎರಡು ಬೇರೆ ಬೇರೆ ರೋಗ.

ಕೋಡಿಬಾಗ ಅಕ್ಕೋರು · ಏಪ್ರಿಲ್ 10, ಬೆಳಿಗ್ಗೆ 7.15

ನೀಲಿ ಪರದೆ. ಫೋನಿನಲ್ಲಿ ಮೂರು ಸಲ ಫೋಟೋ ತೆಗೆದಿದ್ದೆ. ಕೆಳಗೆ ಬರೆದ ಹೆಸರು ಮೂರೂ ಸಲ ಬೇರೆ ಬೇರೆ. ಒಂದರಲ್ಲಿ "ಮೆಮೊರಿ ಮ್ಯಾನೇಜ್‌ಮೆಂಟ್". ಇನ್ನೊಂದರಲ್ಲಿ "ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ". ಮೂರನೆಯದು "ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್". ಒಂದೇ ಕಾಯಿಲೆಗೆ ಮೂರು ಹೆಸರು ಯಾಕೆ?

ತೋಟದ ಮನೆ, ಶಿರಸಿ · ಏಪ್ರಿಲ್ 10, ಬೆಳಿಗ್ಗೆ 8.50

ಹೆಸರು ಬದಲಾಗುತ್ತಿರುವುದೇ ಸುಳಿವು ಅಕ್ಕೋರೆ. ಒಂದು ಡ್ರೈವರ್ (ವೈಫೈಯಂಥ ಒಂದೊಂದು ಭಾಗವನ್ನು ನಡೆಸುವ ಪ್ರೋಗ್ರಾಂ) ಹಾಳಾದರೆ ಸಾಮಾನ್ಯವಾಗಿ ಪ್ರತಿ ಸಲ ಅದೇ ಹೆಸರು, ಅದೇ ಫೈಲ್ ಬರುತ್ತದೆ. ರ‍್ಯಾಮ್ ಹಾಳಾದರೆ ಹಾಗಲ್ಲ. ಕೆಟ್ಟ ಜಾಗದಲ್ಲಿ ಆ ಹೊತ್ತಿಗೆ ಯಾರು ಕೂತಿದ್ದಾರೋ ಅವರು ಬೀಳುತ್ತಾರೆ. ಇವತ್ತು ವೈಫೈ ಡ್ರೈವರ್, ನಾಳೆ ಬ್ರೌಸರ್, ನಾಡಿದ್ದು ವಿಂಡೋಸೇ. ಕೊಳೆತ ಹಲಗೆಯ ಸಂಕ ಇದ್ದ ಹಾಗೆ. ಹಲಗೆ ಅದೇ, ಬೀಳುವವರು ಮಾತ್ರ ಬೇರೆ ಬೇರೆ.

ಸ್ಟಾರ್ಟ್ ಒತ್ತಿ "ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್" ಅಂತ ಹುಡುಕಿ. ರೀಸ್ಟಾರ್ಟ್ ಕೇಳುತ್ತದೆ, ಕೊಡಿ. ಪರೀಕ್ಷೆ ಶುರು ಆದ ಮೇಲೆ ಎಫ್1 ಒತ್ತಿ "ಎಕ್ಸ್‌ಟೆಂಡೆಡ್" ಆರಿಸಿ, ಎಫ್10 ಒತ್ತಿ. ಮಾಮೂಲಿ ಪರೀಕ್ಷೆ ತೀರಾ ಮೇಲು ಮೇಲಿನದು. ಫಲಿತಾಂಶ ಇವೆಂಟ್ ವ್ಯೂವರ್‌ನ (ವಿಂಡೋಸ್ ತಾನೇ ಬರೆದಿಡುವ ದಿನಚರಿ) "ಸಿಸ್ಟಂ" ವಿಭಾಗದಲ್ಲಿ ಸಿಗುತ್ತದೆ.

ಅದಕ್ಕೂ ಮೊದಲು ಅಂಕಪಟ್ಟಿ ಎಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಇದನ್ನು ಮರೆಯಬೇಡಿ.

ಕುಮಟೆ ಮಾಣಿ · ಏಪ್ರಿಲ್ 10, ಮಧ್ಯಾಹ್ನ 1.20

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನದು ಆ ಇನ್ನೊಂದು ಜಾತಿ. ನೀಲಿ ಇಲ್ಲ, ಏನೂ ಇಲ್ಲ. ಗೇಮ್ ಹಾಕಿ ಇಪ್ಪತ್ತು ನಿಮಿಷಕ್ಕೆ ಟಕ್ ಅಂತ ಆಫ್. ಕೂಡಲೇ ಆನ್ ಮಾಡಿದರೆ ಮತ್ತೆ ಐದು ನಿಮಿಷಕ್ಕೆ ಆಫ್. ಅರ್ಧ ಗಂಟೆ ಬಿಟ್ಟು ಹಾಕಿದರೆ ಸರಿ. ನನಗೂ ರ‍್ಯಾಮ್ ಇರಬಹುದಾ?

ಬೈತಖೋಲ ರಿಪೇರಿ · ಏಪ್ರಿಲ್ 10, ಮಧ್ಯಾಹ್ನ 2.00

ಮಾಣಿ, ನಿನ್ನದು ನೂರಕ್ಕೆ ತೊಂಬತ್ತು ಬಿಸಿ. ಪ್ರೊಸೆಸರ್ ತನ್ನನ್ನು ತಾನೇ ಉಳಿಸಿಕೊಳ್ಳಲು ಆಫ್ ಆಗುತ್ತದೆ. ಇಂಟೆಲ್ ಲ್ಯಾಪ್‌ಟಾಪ್ ಚಿಪ್ಪುಗಳಿಗೆ ಹೆಚ್ಚಾಗಿ 100 ಡಿಗ್ರಿ ಗಡಿ. ಅಲ್ಲಿಗೆ ಬಂದಾಗ ಮೊದಲು ವೇಗ ಇಳಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಕರೆಂಟೇ ಕಟ್. ಇವೆಂಟ್ ವ್ಯೂವರ್‌ನಲ್ಲಿ "ಕರ್ನಲ್ ಪವರ್ 41" ಅಂತ ಇರುತ್ತದೆ. ಅದರೊಳಗೆ ಬಗ್‌ಚೆಕ್ ಕೋಡ್ (ನೀಲಿ ಪರದೆಯ ದೋಷದ ಸಂಖ್ಯೆ) 0 ಇದ್ದರೆ ವಿಂಡೋಸ್‌ಗೆ ಸಾಯುವ ಮುಂಚೆ ಮಾತಾಡಲು ಪುರುಸೊತ್ತೇ ಸಿಗಲಿಲ್ಲ ಅಂತ ಅರ್ಥ. ಬ್ಯಾಟರಿ, ಚಾರ್ಜರ್ ಕೈಕೊಟ್ಟರೂ ಹಾಗೇ ಕಾಣುತ್ತದೆ. ಅದಕ್ಕೇ ಆ ಹತ್ತು ಉಳಿಸಿಕೊಂಡೆ.

ಎಲ್ಲಿ ಇಟ್ಟು ಆಡುತ್ತೀಯ? ಹಾಸಿಗೆ ಮೇಲಾ?

ಕುಮಟೆ ಮಾಣಿ · ಏಪ್ರಿಲ್ 10, ಮಧ್ಯಾಹ್ನ 2.04

ಹೌದು. ಹೇಗೆ ಗೊತ್ತಾಯ್ತು?

ಬೈತಖೋಲ ರಿಪೇರಿ · ಏಪ್ರಿಲ್ 10, ಮಧ್ಯಾಹ್ನ 2.10

ಎಲ್ಲರೂ ಹಾಸಿಗೆ ಮೇಲೇ ಆಡುವುದು ಮಾರಾಯ. ಗಾಳಿ ಎಳೆಯುವ ಕಿಂಡಿ ಅಡಿಯಲ್ಲಿದೆ. ಹತ್ತಿ ಅದನ್ನು ಮುಚ್ಚುತ್ತದೆ, ಮೇಲಿಂದ ನೂಲನ್ನೂ ಕೊಡುತ್ತದೆ.

ಪರೀಕ್ಷೆ ಸುಲಭ. ಪವರ್ ಆಪ್ಷನ್ಸ್‌ನಲ್ಲಿ "ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್" 100 ಇರುತ್ತದೆ. ಅದನ್ನು 99 ಮಾಡು. ಒಂದೇ ಅಂಕೆ ಅಂತ ನಗಬೇಡ, ಇದರಿಂದ ಟರ್ಬೋ (ಪ್ರೊಸೆಸರ್ ಮಾಮೂಲಿಗಿಂತ ಜೋರು) ಓಡುವುದು ನಿಲ್ಲುತ್ತದೆ, ಬಿಸಿ ಚೆನ್ನಾಗಿಯೇ ಇಳಿಯುತ್ತದೆ. ಆಮೇಲೆ ಆಫ್ ಆಗದಿದ್ದರೆ ಬಿಸಿಯೇ. ಆಗ ಬಿಚ್ಚಿ ಸ್ವಚ್ಛ ಮಾಡಿಸು.

ಕೋಡಿಬಾಗ ಅಕ್ಕೋರು · ಏಪ್ರಿಲ್ 11, ಬೆಳಿಗ್ಗೆ 9.00

ಬೆಳಿಗ್ಗೆ ಐದಕ್ಕೆ ಎದ್ದು ಎಕ್ಸ್‌ಟೆಂಡೆಡ್ ಪರೀಕ್ಷೆ ಹಚ್ಚಿದೆ. ಎರಡು ಗಂಟೆಗೂ ಜಾಸ್ತಿ ಹಿಡಿಯಿತು. "ದೋಷ ಏನೂ ಇಲ್ಲ" ಅಂತ ಬಂತು. ಹಾಗಾದರೆ ರ‍್ಯಾಮ್ ಅಲ್ಲ ಅಲ್ವಾ?

ಅಂಕೋಲೆ ಇಶಾಡ · ಏಪ್ರಿಲ್ 11, ಬೆಳಿಗ್ಗೆ 9.10

ನಾನು ಹೇಳಲಿಲ್ವಾ? ವಿಂಡೋಸ್ 10.

ತೋಟದ ಮನೆ, ಶಿರಸಿ · ಏಪ್ರಿಲ್ 11, ಬೆಳಿಗ್ಗೆ 10.25

ತಡೆಯಿರಿ. ಅಕ್ಕೋರೆ, ನೀಲಿ ಪರದೆ ಯಾವತ್ತಾದರೂ ಬೆಳಿಗ್ಗೆ ಐದಕ್ಕೆ ಬಂದಿದೆಯಾ?

ಕೋಡಿಬಾಗ ಅಕ್ಕೋರು · ಏಪ್ರಿಲ್ 11, ಬೆಳಿಗ್ಗೆ 10.40

ಇಲ್ಲ. ಯೋಚಿಸಿದರೆ, ಬೆಳಿಗ್ಗೆ ಒಂದು ಸಲವೂ ಬಂದಿಲ್ಲ! ಮಧ್ಯಾಹ್ನ ಎರಡರಿಂದ ಐದರ ಒಳಗೆ. ಅದೂ ಒಂದು ಗಂಟೆ ಕೆಲಸ ಮಾಡಿದ ಮೇಲೆ. ಆ ಹೊತ್ತಿಗೆ ನಮ್ಮ ಮನೆ ಶೀಟಿನ ಮಾಡಿನ ಕೆಳಗೆ ಕೂರಲಿಕ್ಕೆ ಆಗುವುದಿಲ್ಲ. ಬೆವರು ಒಣಗುವುದೇ ಇಲ್ಲ.

ತೋಟದ ಮನೆ, ಶಿರಸಿ · ಏಪ್ರಿಲ್ 11, ಬೆಳಿಗ್ಗೆ 11.30

ಜ್ವರ ಇಲ್ಲದ ಹೊತ್ತಿನಲ್ಲಿ ಥರ್ಮಾಮೀಟರ್ ಇಟ್ಟ ಹಾಗಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ. ಇದು ಗೊತ್ತಾದರೆ ಮುಂದಿನದೆಲ್ಲ ತಾನೇ ಗೊತ್ತಾಗುತ್ತದೆ.

ರ‍್ಯಾಮ್ ಚಿಪ್ಪಿನಲ್ಲಿ ಒಂದೊಂದು ಬಿಟ್‌ಗೂ ಒಂದೊಂದು ಪುಟ್ಟ ಕೆಪಾಸಿಟರ್ ಇದೆ. ಅದರೊಳಗೆ ಚಾರ್ಜ್ ಇದೆಯೋ ಇಲ್ಲವೋ ಅನ್ನುವುದೇ ಒಂದು ಮತ್ತು ಸೊನ್ನೆ. ಈ ಕೆಪಾಸಿಟರ್ ತಳ ಸೋರುವ ಕೊಡ. ತುಂಬಿಟ್ಟರೂ ಖಾಲಿ ಆಗುತ್ತಾ ಹೋಗುತ್ತದೆ. ಅದಕ್ಕೇ ಕಂಪ್ಯೂಟರ್ 64 ಮಿಲಿಸೆಕೆಂಡಿನ ಒಳಗೆ ಎಲ್ಲ ಕೊಡಗಳನ್ನೂ ಒಂದು ಸುತ್ತು ನೋಡಿ, ಅರ್ಧ ಇಳಿದಿದ್ದನ್ನು ಮತ್ತೆ ತುಂಬುತ್ತದೆ. ಸೆಕೆಂಡಿಗೆ ಹದಿನೈದು ಸಲಕ್ಕಿಂತ ಜಾಸ್ತಿ, ದಿನವಿಡೀ.

ಬಿಸಿ ಏರಿದಷ್ಟೂ ಸೋರುವುದು ಜೋರು. ಚಿಪ್ಪು 85 ಡಿಗ್ರಿ ದಾಟಿದರೆ 32 ಮಿಲಿಸೆಕೆಂಡಿಗೇ ಸುತ್ತು ಮುಗಿಸಬೇಕು ಅಂತ ಡಿಡಿಆರ್4 (ನಿಮ್ಮಲ್ಲಿರುವ ಜಾತಿಯ ರ‍್ಯಾಮ್) ನಿಯಮದಲ್ಲೇ ಇದೆ. ಒಳ್ಳೆಯ ಚಿಪ್ಪಿಗೆ ಇದೇನೂ ತೊಂದರೆ ಅಲ್ಲ. ಆದರೆ ಕೋಟಿಗಟ್ಟಲೆ ಕೊಡಗಳಲ್ಲಿ ಹತ್ತಿಪ್ಪತ್ತು ಬಡಕಲು ಇದ್ದರೆ? ತಂಪಿನಲ್ಲಿ ಅವೂ ಹೇಗೋ ತಡೆದುಕೊಳ್ಳುತ್ತವೆ. ಮಧ್ಯಾಹ್ನ ಬಿಸಿ ಆದಾಗ ತುಂಬುವವನು ಬರುವ ಮೊದಲೇ ಖಾಲಿ. ಒಂದು ಇದ್ದದ್ದು ಸೊನ್ನೆ ಆಯಿತು. ನೀಲಿ ಪರದೆ.

ಅಂದರೆ ನಿಮಗೆ ಬಿಸಿ ಅಂದವರೂ ಅರ್ಧ ಸರಿ, ರ‍್ಯಾಮ್ ಅಂದ ನಾನೂ ಅರ್ಧ ಸರಿ ಇರಬಹುದು. ಪರೀಕ್ಷೆಯನ್ನು ಬಿಸಿಯಲ್ಲೇ ಮಾಡಬೇಕು.

ಯಲ್ಲಾಪುರ ಪೆಂಗ್ವಿನ್ · ಏಪ್ರಿಲ್ 11, ಸಂಜೆ 6.00

ವಿಂಡೋಸ್‌ನ ಪರೀಕ್ಷೆಗಿಂತ ಮೆಮ್‌ಟೆಸ್ಟ್86 ವಾಸಿ. ಉಚಿತ ಆವೃತ್ತಿ ಸಾಕು. ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬೇಕು (ಅಂಕಪಟ್ಟಿ ಇಟ್ಟ ಪೆನ್‌ಡ್ರೈವ್ ಬೇಡ, ಅದರಲ್ಲಿರುವುದು ಪೂರ್ತಿ ಅಳಿಸಿ ಹೋಗುತ್ತದೆ). ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್) ಏನಾದರೂ ಬದಲಿಸಿದರೆ ಬಿಟ್‌ಲಾಕರ್ (ಡಿಸ್ಕಿನ ಬೀಗ) ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಬಿಸಿ ಮಾಡಲಿಕ್ಕೆ ಲ್ಯಾಪ್‌ಟಾಪ್ ಮೇಲೆ ಒಂದು ಟವೆಲ್ ಹೊದೆಸಿ.

ಬೈತಖೋಲ ರಿಪೇರಿ · ಏಪ್ರಿಲ್ 11, ಸಂಜೆ 6.15

ಟವೆಲ್ ಬೇಡ ಮಾರಾಯ್ರೆ! ನಾಳೆ ನನ್ನ ಟೇಬಲ್ಲಿಗೆ ನಿಜವಾಗಿ ಸತ್ತ ಮದರ್‌ಬೋರ್ಡ್ ಬರುತ್ತದೆ. ಅಕ್ಕೋರೆ, ಮಧ್ಯಾಹ್ನ ಎರಡಕ್ಕೆ ನಿಮ್ಮ ಮಾಮೂಲಿ ಕೆಲಸ ಒಂದು ಗಂಟೆ ಮಾಡಿ. ವಿಡಿಯೋನೂ ಹಾಕಿಡಿ. ಬಿಸಿ ಏರಿದ ಮೇಲೆ ಆಫ್ ಮಾಡದೆ ನೇರ ರೀಸ್ಟಾರ್ಟ್ ಕೊಟ್ಟು ಪೆನ್‌ಡ್ರೈವ್‌ಗೆ ಹೋಗಿ. ಕಾರವಾರದ ಏಪ್ರಿಲ್ ಮಧ್ಯಾಹ್ನಕ್ಕಿಂತ ದೊಡ್ಡ ಟವೆಲ್ ಬೇಕಾ?

ಕೋಡಿಬಾಗ ಅಕ್ಕೋರು · ಏಪ್ರಿಲ್ 12, ಸಂಜೆ 5.30

ಕೆಂಪು! ಪರದೆ ತುಂಬಾ ಕೆಂಪು ಸಾಲು. ಮೊದಲ ಅರ್ಧ ಗಂಟೆ ಏನೂ ಇರಲಿಲ್ಲ, ಆಮೇಲೆ 3 ದೋಷ. ನೋಡ ನೋಡುತ್ತಿದ್ದ ಹಾಗೆ 40 ದಾಟಿತು. ಎಷ್ಟು ದೋಷದವರೆಗೆ ಪರವಾಗಿಲ್ಲ ಅನ್ನಬಹುದು?

ತೋಟದ ಮನೆ, ಶಿರಸಿ · ಏಪ್ರಿಲ್ 12, ಸಂಜೆ 5.45

ಸೊನ್ನೆ. ಗಣಿತದ ಅಕ್ಕೋರಿಗೆ ಇದಕ್ಕಿಂತ ಸುಲಭದ ಉತ್ತರ ಬೇಕಾ? ಒಂದು ದೋಷ ಬಂದರೂ ಆ ರ‍್ಯಾಮ್ ಮೇಲೆ ನಂಬಿಕೆ ಇಡುವ ಹಾಗಿಲ್ಲ.

ಕೋಡಿಬಾಗ ಅಕ್ಕೋರು · ಏಪ್ರಿಲ್ 12, ಸಂಜೆ 5.50

ಆಮೇಲೆ ಹಾಕಿಸಿದ 8 ಜಿಬಿಯೇ ಕೆಟ್ಟಿರಬೇಕು. ಅಗ್ಗದ್ದು ತಗೊಂಡಿದ್ದೆ.

ಯಲ್ಲಾಪುರ ಪೆಂಗ್ವಿನ್ · ಏಪ್ರಿಲ್ 12, ಸಂಜೆ 6.20

ಊಹೆ ಬೇಡ. ದೋಷದ ವಿಳಾಸ ನೋಡಿಯೂ ಹೇಳಲಿಕ್ಕೆ ಆಗುವುದಿಲ್ಲ. ಎರಡು ಸಮ ರ‍್ಯಾಮ್ ಕಡ್ಡಿ ಇದ್ದಾಗ ಡೇಟಾ ಎರಡರಲ್ಲೂ ಹಂಚಿ ಕೂರುತ್ತದೆ. ಒಂದೊಂದನ್ನೇ ಹಾಕಿ ಪರೀಕ್ಷೆ ಮಾಡಬೇಕು. ಕೆಟ್ಟದ್ದು ಸಿಕ್ಕಿದ ಮೇಲೆ ಅದನ್ನೇ ಇನ್ನೊಂದು ಸ್ಲಾಟಿಗೆ (ಕಡ್ಡಿ ಕೂರುವ ಜಾಗ) ಹಾಕಿ ನೋಡಿ. ಅಲ್ಲೂ ದೋಷ ಬಂದರೆ ಕಡ್ಡಿ ಕೆಟ್ಟಿದೆ. ದೋಷ ಹಳೇ ಸ್ಲಾಟಿನಲ್ಲೇ ಉಳಿದರೆ ಸ್ಲಾಟ್ ಕೆಟ್ಟಿದೆ.

ಬೈತಖೋಲ ರಿಪೇರಿ · ಏಪ್ರಿಲ್ 12, ರಾತ್ರಿ 8.00

ಬಿಚ್ಚುವ ಧೈರ್ಯ ಇದ್ದರೆ ಹೀಗೆ. ಪೂರ್ತಿ ಶಟ್‌ಡೌನ್, ಚಾರ್ಜರ್ ತೆಗೆಯಿರಿ. ಅಡಿಯ ಸ್ಕ್ರೂ ಒಂದೊಂದೂ ಬೇರೆ ಉದ್ದ ಇರಬಹುದು. ಕಾಗದದ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಆಮೇಲೆ ಪವರ್ ಬಟನ್ ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ರ‍್ಯಾಮ್‌ನ ಎರಡೂ ಬದಿಯ ಲೋಹದ ಕ್ಲಿಪ್ಪನ್ನು ಹೊರಗೆ ಸರಿಸಿದರೆ ಕಡ್ಡಿ ತಾನೇ ಓರೆಯಾಗಿ ಎದ್ದು ನಿಲ್ಲುತ್ತದೆ. ಎಳೆಯುವುದೂ ಓರೆಯಲ್ಲೇ, ಹಾಕುವುದೂ ಓರೆಯಲ್ಲೇ. ಚಿನ್ನದ ಬಣ್ಣದ ಹಲ್ಲು ಮುಟ್ಟಬೇಡಿ. ನೈಲಾನ್ ಸೀರೆ ಬೇಡ, ಹತ್ತಿಯದ್ದು ಉಟ್ಟು ಕೂರಿ. ನಮ್ಮ ಕರಾವಳಿಯ ಹಸಿ ಗಾಳಿಯಲ್ಲಿ ಸ್ಟ್ಯಾಟಿಕ್ ಕಡಿಮೆ, ಆದರೂ ಮೊದಲು ಏನಾದರೂ ದೊಡ್ಡ ಲೋಹ ಮುಟ್ಟಿ.

ಕೋಡಿಬಾಗ ಅಕ್ಕೋರು · ಏಪ್ರಿಲ್ 14, ರಾತ್ರಿ 9.15

ಬಿಚ್ಚಿದೆವು! ಯಜಮಾನರು ಟಾರ್ಚ್ ಹಿಡಿದರು, ಮಗಳು ಸ್ಕ್ರೂ ಕಾದಳು.

ಒಳಗೆ ಏನಿತ್ತು ಹೇಳಿ ನೋಡೋಣ. ಕುಂಕುಮ. ಪ್ರತಿ ವರ್ಷ ಆಯುಧ ಪೂಜೆಗೆ ಕೀಬೋರ್ಡ್ ಮೇಲೆ ಅರಿಶಿನ ಕುಂಕುಮ ಹಾಕುತ್ತಿದ್ದೆ. ಫ್ಯಾನಿನ ಸುತ್ತ ಕೆಂಪು ಪಾಕ. ಒಂದೆರಡು ಸ್ಕ್ರೂ ತುಕ್ಕು ಹಿಡಿದಿದೆ. ಲೋಹದ ಮುಚ್ಚಳದ ಅಂಚಿನಲ್ಲಿ ಹಸಿರು ಕಿಲುಬು. ಸಮುದ್ರ ನಮ್ಮ ಮನೆಯಿಂದ ಕೂಗಳತೆ ದೂರ. ಕಿಟಕಿ ಸರಳನ್ನೇ ತಿಂದು ಹಾಕಿದ ಗಾಳಿ ಇದನ್ನು ಬಿಡುತ್ತದಾ?

ಒಂದು ಕಡ್ಡಿಯ ಹಲ್ಲು ಮಂಕಾಗಿದೆ. ರಬ್ಬರಿನಿಂದ ಉಜ್ಜಲಾ?

ಬೈತಖೋಲ ರಿಪೇರಿ · ಏಪ್ರಿಲ್ 14, ರಾತ್ರಿ 9.30

ಉಜ್ಜಿ. ಬಿಳಿ ಮೆತ್ತನೆ ರಬ್ಬರ್, ಹಗುರ ಕೈ. ನೂರಾರು ಲ್ಯಾಪ್‌ಟಾಪ್ ಹಾಗೇ ಎದ್ದಿವೆ.

ತೋಟದ ಮನೆ, ಶಿರಸಿ · ಏಪ್ರಿಲ್ 14, ರಾತ್ರಿ 9.50

ನಾನು ಒಪ್ಪುವುದಿಲ್ಲ. ಚಿನ್ನದ ಲೇಪ ಬಹಳ ತೆಳು. ರಬ್ಬರ್ ಅದನ್ನೂ ಸ್ವಲ್ಪ ಸವೆಸುತ್ತದೆ, ಪುಡಿಯನ್ನೂ ಸ್ಲಾಟಿಗೆ ಕೊಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಸಾಕು. ಸ್ಯಾನಿಟೈಸರ್ ಬೇಡ, ಅದರಲ್ಲಿ ಬೇರೆ ಏನೇನೋ ಇರುತ್ತದೆ.

ಬೈತಖೋಲ ರಿಪೇರಿ · ಏಪ್ರಿಲ್ 14, ರಾತ್ರಿ 9.55

ಹಳ್ಳಿ ಗಿರಾಕಿ ರಾತ್ರಿ ಎಂಟಕ್ಕೆ ಬಂದು ನಿಂತರೆ ಆಲ್ಕೋಹಾಲ್ ಎಲ್ಲಿಂದ ತರಲಿ? ಇರುವಾಗ ಅದೇ ಒಳ್ಳೆಯದು, ಅದನ್ನು ಒಪ್ಪುತ್ತೇನೆ. ಫ್ಯಾನಿಗೆ ಬ್ಲೋವರ್ ಹಿಡಿಯುವಾಗ ಮಾತ್ರ ರೆಕ್ಕೆ ತಿರುಗದ ಹಾಗೆ ಹಲ್ಲುಕಡ್ಡಿ ಸಿಕ್ಕಿಸಿ. ಗಾಳಿಗೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ.

ಕುಮಟೆ ಮಾಣಿ · ಏಪ್ರಿಲ್ 15, ಬೆಳಿಗ್ಗೆ 11.00

ನನ್ನ ವರದಿ. 99 ಮಾಡಿದ ಮೇಲೆ ಮೂರು ದಿನ ಒಮ್ಮೆಯೂ ಆಫ್ ಆಗಲಿಲ್ಲ. ನಿನ್ನೆ ಇಲ್ಲೇ ಒಬ್ಬರ ಹತ್ತಿರ ಬಿಚ್ಚಿಸಿದೆ. ಹೊರಗಿಂದ ನೋಡಿದರೆ ಫ್ಯಾನ್ ಸ್ವಚ್ಛವೇ ಇತ್ತು. ಫ್ಯಾನ್ ಎತ್ತಿದರೆ, ಅದಕ್ಕೂ ತಾಮ್ರದ ಜಾಲರಿಗೂ ನಡುವೆ ಕಂಬಳಿ ತುಂಡಿನ ಹಾಗೆ ದಪ್ಪ ಧೂಳು! ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿಯನ್ನು ಲೋಹಕ್ಕೆ ದಾಟಿಸುವ ಲೇಪ) ಒಣಗಿ ಸುಣ್ಣ ಆಗಿತ್ತು. ಮೊದಲು ಗೇಮ್‌ನಲ್ಲಿ 98 ಇರುತ್ತಿತ್ತು, ಈಗ 79. ಮತ್ತೆ 100 ಮಾಡಿದ್ದೇನೆ, ತೊಂದರೆ ಇಲ್ಲ. ಅಮ್ಮ ಹಾಸಿಗೆಯಿಂದ ಮೇಜಿಗೆ ಓಡಿಸಿದ್ದಾಳೆ.

ತೋಟದ ಮನೆ, ಶಿರಸಿ · ಏಪ್ರಿಲ್ 15, ಬೆಳಿಗ್ಗೆ 11.40

ನಮ್ಮ ಮೇಲಿನ ಕಡೆ ಧೂಳಿನ ಜೊತೆ ಹೊಗೆಯೂ ಉಂಟು. ಅಡಿಕೆ ಬೇಯಿಸುವ ಒಲೆ ಪಕ್ಕದ ಕೋಣೆಯಲ್ಲಿ ಕೂತು ಎರಡು ಸೀಸನ್ ಕೆಲಸ ಮಾಡಿದೆ. ಬಿಚ್ಚಿದರೆ ಫ್ಯಾನ್ ಕಪ್ಪು, ಅಂಟು ಅಂಟು. ಬ್ಲೋವರ್‌ಗೆ ಅದು ಅಲ್ಲಾಡಲೂ ಇಲ್ಲ. ಬ್ರಷ್ ಹಿಡಿದು ಕೂತೆ.

ಕೋಡಿಬಾಗ ಅಕ್ಕೋರು · ಏಪ್ರಿಲ್ 17, ಸಂಜೆ 6.40

ಮೂರು ಮಧ್ಯಾಹ್ನ ಇದಕ್ಕೇ ಹೋಯಿತು. ಒಂದೊಂದೂ ಬಿಸಿ ಮಾಡಿಯೇ ನೋಡಿದೆ.

ಆಮೇಲೆ ಹಾಕಿಸಿದ ಅಗ್ಗದ ಕಡ್ಡಿ ಮಾತ್ರ ಹಾಕಿದಾಗ ನಾಲ್ಕು ಸುತ್ತು ಸೊನ್ನೆ ದೋಷ. ಲ್ಯಾಪ್‌ಟಾಪ್ ಜೊತೆಗೇ ಬಂದ ಹಳೇ ಕಡ್ಡಿ ಮಾತ್ರ ಹಾಕಿದಾಗ ಎರಡನೇ ಸುತ್ತಿಗೆ ಕೆಂಪು. ಹಲ್ಲು ಆಲ್ಕೋಹಾಲ್‌ನಲ್ಲಿ ಒರೆಸಿ ಮತ್ತೆ ಹಾಕಿದೆ, ಮತ್ತೆ ಕೆಂಪು. ಇನ್ನೊಂದು ಸ್ಲಾಟಿಗೆ ಹಾಕಿದೆ, ಅಲ್ಲೂ ಕೆಂಪು. ಅಗ್ಗದ್ದರ ಮೇಲೆ ಸುಮ್ನೆ ಅಪವಾದ ಹೊರಿಸಿದೆ.

ಹಳೇ ಕಡ್ಡಿ ಕೂತ ಸ್ಲಾಟಿನ ಪಕ್ಕದಲ್ಲೇ ತಾಮ್ರದ ಬಿಸಿ ಕೊಳವೆ ಹೋಗಿದೆ. ಐದು ವರ್ಷ ಒಲೆ ಪಕ್ಕ ಕೂತ ಹಾಗೆ.

ಯಲ್ಲಾಪುರ ಪೆಂಗ್ವಿನ್ · ಏಪ್ರಿಲ್ 17, ಸಂಜೆ 7.00

ಸಿಕ್ಕಿತು ಕಳ್ಳ. ಈಗ ಹಳೇದನ್ನು ತೆಗೆದಿಟ್ಟು 8 ಜಿಬಿಯಲ್ಲೇ ಕೆಲಸ ಮಾಡಿ. ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ ತೆಳು ಲ್ಯಾಪ್‌ಟಾಪ್ ಆದರೆ ತೆಗೆಯಲಿಕ್ಕೆ ಬರುವುದಿಲ್ಲ. ಕೆಟ್ಟ ವಿಳಾಸ ಬೆರಳೆಣಿಕೆಯಷ್ಟು ಇದ್ದರೆ ಲಿನಕ್ಸ್‌ನಲ್ಲಿ ಆ ಜಾಗ ಬಳಸಬೇಡ ಅಂತ ಬೂಟ್ ಹೊತ್ತಿನಲ್ಲೇ ಹೇಳಬಹುದು. ವಿಂಡೋಸ್‌ನಲ್ಲೂ ಕೆಟ್ಟ ಪುಟಗಳ ಪಟ್ಟಿ ಕೊಡುವ ದಾರಿ ಇದೆ. ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ, ಒಂದು ಮಳೆಗಾಲ ದೂಡಬಹುದು.

ತೋಟದ ಮನೆ, ಶಿರಸಿ · ಏಪ್ರಿಲ್ 17, ರಾತ್ರಿ 8.10

ಅಕ್ಕೋರೆ, ಖುಷಿ ಪಡುವ ಮೊದಲು ಒಂದು ಕೆಲಸ. ನೀಲಿ ಪರದೆ ಬಂದದ್ದು ನಿಮಗೆ ಕಂಡ ತಪ್ಪು. ಕಾಣದ ತಪ್ಪೂ ಆಗಿರಬಹುದು. ಕೆಟ್ಟ ರ‍್ಯಾಮ್ ಮೂಲಕ ಹೋದ ಫೈಲ್ ಕೆಟ್ಟೇ ಡಿಸ್ಕಿಗೆ ಉಳಿಯುತ್ತದೆ, ಯಾರಿಗೂ ಹೇಳುವುದಿಲ್ಲ. ಈ ಒಂದು ತಿಂಗಳಲ್ಲಿ ಉಳಿಸಿದ ಅಂಕಪಟ್ಟಿಗಳನ್ನು ತೆರೆದು ನೋಡಿ. ಕಾಗದದ ಪ್ರತಿ ಜೊತೆ ತಾಳೆ ಹಾಕಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೂ ಇದೇ ಲ್ಯಾಪ್‌ಟಾಪ್‌ನಿಂದ ಹೋದದ್ದು ಅಲ್ವಾ?

ಕೋಡಿಬಾಗ ಅಕ್ಕೋರು · ಏಪ್ರಿಲ್ 18, ಮಧ್ಯಾಹ್ನ 3.30

ಎದೆ ಧಸಕ್ ಅಂತು. ಎಂಟನೇ ತರಗತಿಯ ಎಕ್ಸೆಲ್ ಫೈಲ್ ತೆರೆಯಲೇ ಇಲ್ಲ, "ಕೆಟ್ಟಿದೆ" ಅಂತು. ಪೆನ್‌ಡ್ರೈವ್‌ನದ್ದೂ ಅದೇ. ಪುಣ್ಯಕ್ಕೆ ಅದಕ್ಕೂ ಮುಂಚಿನ ಪ್ರತಿ ಒಂದನ್ನು ಹೆಡ್‌ಮಾಸ್ತರರಿಗೆ ವಾಟ್ಸಾಪ್ ಮಾಡಿದ್ದೆ. ಹನ್ನೊಂದು ಮಕ್ಕಳ ಅಂಕ ಮಾತ್ರ ಮತ್ತೆ ತುಂಬಬೇಕಾಯಿತು. ಉಳಿದ ಫೈಲ್ ಎಲ್ಲ ಕಾಗದದ ಜೊತೆ ತಾಳೆ ಆಯಿತು. ನೀವು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಹೊಸ ಕಡ್ಡಿ ತರುವಾಗ ಏನು ನೋಡಬೇಕು? ತಮ್ಮ ಹುಬ್ಬಳ್ಳಿಯಿಂದ ಬರುವವನಿದ್ದಾನೆ.

ಬೈತಖೋಲ ರಿಪೇರಿ · ಏಪ್ರಿಲ್ 18, ಸಂಜೆ 4.15

ಹಳೇ ಕಡ್ಡಿಯ ಸ್ಟಿಕ್ಕರ್ ಫೋಟೋ ಕಳಿಸಿಬಿಡಿ, ಅಷ್ಟೇ. ಡಿಡಿಆರ್4 ಲ್ಯಾಪ್‌ಟಾಪ್ ಕಡ್ಡಿಗೆ 260 ಪಿನ್. ಡಿಡಿಆರ್3, ಡಿಡಿಆರ್5 ಇದಕ್ಕೆ ಕೂರುವುದಿಲ್ಲ, ಗಾಟು ಬೇರೆ ಜಾಗದಲ್ಲಿದೆ. ವೇಗ 2666 ಅಂತ ಇದ್ದರೆ 3200 ತಂದರೂ ನಡೆಯುತ್ತದೆ, ಇಳಿದು ಓಡುತ್ತದೆ. ಬಿಲ್ ತಗೊಳ್ಳಲಿ. ಬಿಡಿಯಾಗಿ ಮಾರುವ ರ‍್ಯಾಮ್‌ಗೆ ಹೆಚ್ಚಿನ ಕಂಪನಿಗಳು ಹಲವು ವರ್ಷದ ವಾರಂಟಿ ಕೊಡುತ್ತವೆ. ನಿಮ್ಮ ಹಳೇ ಕಡ್ಡಿಗೆ ಆಸೆ ಬೇಡ, ಅದರದ್ದು ಲ್ಯಾಪ್‌ಟಾಪ್ ವಾರಂಟಿ ಜೊತೆಗೇ ಮುಗಿದಿದೆ.

ಹೊಸದು ಅಂತ ನಂಬಬೇಡಿ. ಅದನ್ನೂ ಒಂದು ಮಧ್ಯಾಹ್ನ ಬಿಸಿ ಮಾಡಿ ಪರೀಕ್ಷೆ ಮಾಡಿ.

ಅಂಕೋಲೆ ಇಶಾಡ · ಏಪ್ರಿಲ್ 18, ಸಂಜೆ 5.00

ನಾನು ವಿಂಡೋಸ್ ಅಂದಿದ್ದು ವಾಪಸ್ ತಗೊಂಡೆ. ನನ್ನದೂ ಈಗ ಮೂರು ದಿನಕ್ಕೊಮ್ಮೆ ನೀಲಿ ಆಗುತ್ತಿದೆ, ಹೇಳಲಿಕ್ಕೆ ಮುಜುಗರ ಆಗಿ ಸುಮ್ಮನಿದ್ದೆ. ಪೆನ್‌ಡ್ರೈವ್ ಎಷ್ಟು ಜಿಬಿಯದ್ದು ಬೇಕು?

ಯಲ್ಲಾಪುರ ಪೆಂಗ್ವಿನ್ · ಏಪ್ರಿಲ್ 18, ಸಂಜೆ 5.05

ಮನೆಯಲ್ಲಿ ಇರುವ ಅತಿ ಚಿಕ್ಕದು ಸಾಕು. ಹೆಸರು ಒಂದೇ ಬರುತ್ತದಾ, ಬದಲಾಗುತ್ತದಾ ಅಂತ ಮೊದಲು ಬರೆದಿಡಿ.

ಕೋಡಿಬಾಗ ಅಕ್ಕೋರು · ಜೂನ್ 20, ರಾತ್ರಿ 9.00

ತಡವಾಗಿ ಬರೆಯುತ್ತಿದ್ದೇನೆ. ತಮ್ಮ ಅರಬೈಲ್ ಘಾಟಿ ಇಳಿದು ಬಂದು ರ‍್ಯಾಮ್ ಕೊಟ್ಟ. ಮೇ ತಿಂಗಳ ಮಧ್ಯಾಹ್ನವೇ ಪರೀಕ್ಷೆ ಮಾಡಿದೆ, ನಾಲ್ಕು ಸುತ್ತು ಸೊನ್ನೆ. ಅಲ್ಲಿಂದ ಇಲ್ಲಿಗೆ ಒಂದೂ ನೀಲಿ ಪರದೆ ಇಲ್ಲ. ಈಗ ಹೊರಗೆ ಎಡೆಬಿಡದ ಮಳೆ, ಕರೆಂಟ್ ಮಾತ್ರ ದಿನಕ್ಕೆ ನಾಲ್ಕು ಸಲ ಬೀಳುತ್ತದೆ. ಅದಕ್ಕೆ ಮೆಮ್‌ಟೆಸ್ಟ್ ಇಲ್ಲ ಅಲ್ವಾ?

ನನ್ನ ಸಹೋದ್ಯೋಗಿ ಒಬ್ಬರು ಆ ಹಳೇ ಕಡ್ಡಿ ಕೇಳುತ್ತಿದ್ದಾರೆ. "ನಮ್ಮ ಮನೆ ಶಿರಸಿ ಕಡೆ, ತಂಪು, ನಡೆಯುತ್ತದೆ" ಅಂತಾರೆ. ಕೊಡಲಾ?

ತೋಟದ ಮನೆ, ಶಿರಸಿ · ಜೂನ್ 20, ರಾತ್ರಿ 9.20

ಬೇಡವೇ ಬೇಡ. ಶಿರಸಿ ತಂಪು ಹೌದು, ಲ್ಯಾಪ್‌ಟಾಪ್ ಒಳಗೆ ಶಿರಸಿ ಇಲ್ಲ.

ಬೈತಖೋಲ ರಿಪೇರಿ · ಜೂನ್ 20, ರಾತ್ರಿ 9.25

ಎರಡು ತುಂಡು ಮಾಡಿ ಇ-ಕಸಕ್ಕೆ ಹಾಕಿ ಅಕ್ಕೋರೆ. ಇಡೀ ಕಡ್ಡಿ ಬಿಟ್ಟರೆ ಅದು ಸುತ್ತಿ ಸುತ್ತಿ ನನ್ನ ಅಂಗಡಿಗೇ ಬರುತ್ತದೆ.

ಕೋಡಿಬಾಗ ಅಕ್ಕೋರು · ಜೂನ್ 20, ರಾತ್ರಿ 9.40

ಮುರಿಯಲು ಹುಡುಕಿದರೆ ಸಿಗಲಿಲ್ಲ. ಮಗಳ ಕಂಪಾಸ್ ಬಾಕ್ಸಿನಲ್ಲಿತ್ತು, ಗೆರೆ ಎಳೆಯುತ್ತಿದ್ದಾಳೆ. ಸದ್ಯಕ್ಕೆ ಅಲ್ಲೇ ಇರಲಿ.